ಕರಪತ್ರ ಬರೆಯೋದು ರೈತರಿಗಾ, ಫೈಲಿಗಾ?

ಹಾಸನದ ಕಡೆ ಆಲೂಗೆಡ್ಡೆಗೆ ಅಂಗಮಾರಿ ಬಂದರೆ ಯೋಚನೆ ಮಾಡುತ್ತಾ ಕೂರಲು ಟೈಮ್ ಇರುವುದಿಲ್ಲ. ಮೇ, ಜೂನ್‌ನಲ್ಲಿ ಬಿತ್ತಿದ ಬೆಳೆ ಪುನರ್ವಸು ಮಳೆ ಹೊತ್ತಿಗೆ ಸೊಂಪಾಗಿರುತ್ತದೆ. ಆಗಲೇ ಮೋಡ, ಸೋನೆ, ತಂಪು. ಎಲೆ ಅಂಚಿನಲ್ಲಿ ನೀರು ಹಿಡಿದಂಥ ಕಲೆ, ಅಡಿಯಲ್ಲಿ ಬಿಳಿ ಬೂಷ್ಟು. ಕೆಲವೇ ದಿನಗಳಲ್ಲಿ ಹೊಲಕ್ಕೆ ಹೊಲವೇ ಕಪ್ಪಾಗುತ್ತದೆ.

ಹಳ್ಳಿಗಳಲ್ಲಿ ಓಡಾಡಿ ಬೆಳೆ ಮಾಹಿತಿ ಕೊಡುವುದು ನನ್ನ ಕೆಲಸ. ಕಳೆದ ಹಂಗಾಮಿನ ಕರಪತ್ರಕ್ಕೆ ನಾನು ಬರೆದ ಮೊದಲ ಸಾಲು ಇದು: "ಮೋಡ ಮುಚ್ಚಿದರೆ, ರೋಗ ಕಾಣುವ ಮೊದಲೇ, ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಹಾಕಿ ಹೊಡೆಯಿರಿ." ಭಾಷೆಗೆ ತೂಕ ಸಾಲದು ಅಂತ ಫೈಲ್ ವಾಪಸ್ ಬಂತು. ಅಚ್ಚಾಗಿದ್ದು ಹೀಗೆ: "ಪ್ರಸಕ್ತ ಸಾಲಿನಲ್ಲಿ ಉದ್ಭವಿಸಬಹುದಾದ ಪ್ರತಿಕೂಲ ಹವಾಮಾನದ ಹಿನ್ನೆಲೆಯಲ್ಲಿ ಸದರಿ ಬೆಳೆಯ ಸಂರಕ್ಷಣಾರ್ಥ ಸೂಕ್ತ ಮುಂಜಾಗ್ರತಾ ಕ್ರಮಗಳನ್ನು ಅನುಸರಿಸತಕ್ಕದ್ದು." ಔಷಧಿ ಹೆಸರು ಹಿಂಬದಿ ಪುಟದ ಕೊನೆಗೆ ಹೋಗಿತ್ತು.

ದೇವಸ್ಥಾನದ ಜಗಲಿ ಮೇಲೆ ಸಭೆ. ನಮ್ಮ ಮೇಲಧಿಕಾರಿ ಸಾಹೇಬರು ಅದನ್ನೇ ಓದಿದರು. ವಯಸ್ಸಾದ ರೈತರೊಬ್ಬರು ಎದ್ದರು. "ಸಾರ್, ಔಷಧಿ ಈಗ ಹೊಡೀಬೇಕೋ, ಕಾಯ್ಬೇಕೋ? ಅದೊಂದು ಹೇಳಿ."

"ಪರಿಸ್ಥಿತಿಯನ್ನು ಅವಲೋಕಿಸಿ ಸೂಕ್ತ ನಿರ್ಧಾರ ಕೈಗೊಳ್ಳಬೇಕು."

ಆ ರೈತರು ಕೂರಲಿಲ್ಲ. ಹೊರಗೆ ಸೋನೆ ಹಿಡಿದಿತ್ತು. ಯಾರೂ ಮಾತಾಡಲಿಲ್ಲ. ಒಬ್ಬೊಬ್ಬರಾಗಿ ನನ್ನ ಕಡೆ ನೋಡತೊಡಗಿದರು. ಸಾಹೇಬರು ಕೂತಿರುವಾಗ ಮಧ್ಯೆ ಬಾಯಿ ಹಾಕುವ ರೂಢಿ ನಮ್ಮಲ್ಲಿಲ್ಲ. ಸಾಹೇಬರ ಬೆರಳು ಕರಪತ್ರದ ಮೇಲೆ ಸಾಲಿನಿಂದ ಸಾಲಿಗೆ ಓಡುತ್ತಿತ್ತು, ಉತ್ತರ ಸಿಗುತ್ತಿರಲಿಲ್ಲ. ಕೊನೆಗೆ ನಾನೇ ಎದ್ದೆ.

"ಮಳೆ ಬಿಡುವು ಕೊಟ್ಟ ಕೂಡಲೇ ಹೊಡೀರಿ ಯಜಮಾನ್ರೇ. 16 ಲೀಟರ್ ಕ್ಯಾನಿಗೆ 32 ಗ್ರಾಂ ಮ್ಯಾಂಕೋಜೆಬ್. ಎಲೆ ಅಡಿಗೂ ತಾಗ್ಬೇಕು. ಕಲೆ ಆಗ್ಲೇ ಕಂಡಿದ್ರೆ ಮೆಟಲಾಕ್ಸಿಲ್ ಸೇರಿರೋ ಔಷಧಿ ತಗೊಳ್ಳಿ."

ಕೆಲವರು ಅಂಗೈ ಮೇಲೆ ಬರೆದುಕೊಂಡರು. ಹಿಂದುಗಡೆ ಕೂತವರು ಮತ್ತೊಮ್ಮೆ ಹೇಳಿಸಿಕೊಂಡರು.

ಸಾಹೇಬರಿಗೆ ವಿಷಯ ಗೊತ್ತಿಲ್ಲ ಅಂತಲ್ಲ. ಹೊಲದಲ್ಲಿ ನಿಂತರೆ ನನಗಿಂತ ಚೆನ್ನಾಗಿ ರೋಗ ಗುರುತಿಸುತ್ತಾರೆ. ಕಾಗದಕ್ಕೆ ಬಂದ ತಕ್ಷಣ ಭಾಷೆ ಬದಲಾಗುತ್ತದೆ. "ಹೊಡೆಯಿರಿ" ಅಂತ ಬರೆದರೆ ನಾಳೆ ಯಾರಾದರೂ ಬಂದು ಕೇಳಬಹುದು. "ಸೂಕ್ತ ಕ್ರಮ" ಅಂತ ಬರೆದರೆ ಬೆಳೆ ಹೋದರೂ ಬರೆದವರು ಸೇಫ್. ಇದು ನನಗೆ ಸಹಿಸಲು ಆಗುವುದಿಲ್ಲ. ಕನ್ನಡ ಆಡಳಿತ ಭಾಷೆ ಅಂತ 1963ರಲ್ಲೇ ಕಾನೂನು ಬಂತು. ಜನರಿಗೆ ತಿಳಿಯಲಿ ಅಂತ ತಾನೇ ಅದು?

ಈ ಸಲದ ಡ್ರಾಫ್ಟ್‌ನಲ್ಲಿ ಕ್ಯಾನಿನ ಲೆಕ್ಕವನ್ನೂ ಸೇರಿಸಿದ್ದೇನೆ. ತೂಕ ಸಾಲದು ಅಂತ ಮತ್ತೆ ವಾಪಸ್ ಬಂದರೆ, ಯಾವ ಸಾಲು ಯಾವ ರೈತರಿಗೆ ಅರ್ಥವಾಗಲಿಲ್ಲ ಅಂತ ಫೈಲಿನಲ್ಲೇ ಬರೆದು ಕೇಳುತ್ತೇನೆ.