ಪೋಲಿಯೊ ಭಾನುವಾರಗಳು

ಇಂಟರ್ಯಾಕ್ಟ್ ಕ್ಲಬ್ ಎಂದ ಮೇಲೆ ವರ್ಷಕ್ಕೆ ಕಡಿಮೆಯೆಂದರೂ ಎರಡು ಕೆಲಸ ಮಾಡಲೇಬೇಕು. ಒಂದು ಶಾಲೆಗೋ ಊರಿಗೋ ಉಪಯೋಗವಾಗುವಂಥದ್ದು, ಇನ್ನೊಂದು ಬೇರೆ ದೇಶದವರ ಸ್ನೇಹ ಬೆಳೆಸುವಂಥದ್ದು. ರೋಟರಿಯವರು ಹೈಸ್ಕೂಲು ಮಕ್ಕಳಿಗಾಗಿ 1962ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಆರಂಭಿಸಿದ ಈ ಕೂಟ ಮುಂಬಯಿಯ ವಡಾಲದ ನಮ್ಮ ಕನ್ನಡ ಶಾಲೆಗೆ ಬಂದು ಮುಟ್ಟಲು ಹಲವು ದಶಕಗಳು ಹಿಡಿದವು. ನಾನು ಎಂಟನೆಯ ತರಗತಿಗೆ ಕಾಲಿಟ್ಟ 1999ರಲ್ಲಿ ಅದು ಇನ್ನೂ ಹೊಸತು.

ಮೊದಲನೆಯ ಕೆಲಸಕ್ಕೆ ತೊಂದರೆಯಿರಲಿಲ್ಲ. ಮುಂಬಯಿಯಲ್ಲಿ ಸೇವೆ ಮಾಡಲು ಜಾಗಕ್ಕೇನು ಬರ? ಎರಡನೆಯದಕ್ಕೆ ಮಾತ್ರ ನಾವೆಲ್ಲ ತಲೆ ಕೆರೆದುಕೊಂಡೆವು. ಕೊಂಕಣ ರೈಲಿನಲ್ಲಿ ಬೇಸಿಗೆ ರಜೆಗೆ ಉಡುಪಿಗೆ ಹೋಗಿಬರುವುದನ್ನೇ ದೊಡ್ಡ ಪ್ರವಾಸವೆಂದುಕೊಂಡಿದ್ದ ಗುಮಾಸ್ತರ, ಹೋಟೆಲು ಕೆಲಸಗಾರರ, ಮುಚ್ಚಿದ ಗಿರಣಿಗಳ ಕಾರ್ಮಿಕರ ಮಕ್ಕಳು ಪರದೇಶದವರ ಸ್ನೇಹ ಸಂಪಾದಿಸುವುದೆಂದರೆ ಹೇಗೆ? ಮೊದಲ ವರ್ಷ ಪತ್ರಮೈತ್ರಿ ಎಂದು ಏನೋ ಮಾಡಿ ವರದಿ ಒಪ್ಪಿಸಿದೆವು. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಮೇಲು.

ಶಾಲೆಯ ಸಂಚಿಕೆಗೆ ಕ್ಲಬ್ಬಿನ ದಿನಗಳ ಬಗ್ಗೆ ಬರೆಯಬೇಕೆಂದು ಈಗಿನ ಮುಖ್ಯೋಪಾಧ್ಯಾಯಿನಿ ಹೇಳಿದಾಗ ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿದೆ. ಫೋಟೋಗಳಿಗೆ ಕೊರತೆಯಿಲ್ಲ. ಅಧ್ಯಕ್ಷರಿಗೆ ಹಾರ, ಮುಖ್ಯ ಅತಿಥಿಗಳಿಗೆ ಶಾಲು, ಅನಂತ ಚತುರ್ದಶಿಯ ಮರುದಿನ ದಾದರ್ ಚೌಪಾಟಿಯಲ್ಲಿ ಗಣಪತಿ ಮೂರ್ತಿಗಳ ತುಂಡುಗಳನ್ನು ಹೆಕ್ಕುತ್ತಿರುವ ನಾವು. ಎಲ್ಲರ ಕೈಯಲ್ಲೂ ಕೈಗವಸು, ಎಲ್ಲರ ಕಣ್ಣೂ ಕ್ಯಾಮೆರಾದ ಮೇಲೆ. ಆದರೆ ಕ್ಲಬ್ಬಿನ ಅತ್ಯಂತ ಕಷ್ಟದ ಕೆಲಸಕ್ಕೆ ಹೆಗಲು ಕೊಟ್ಟವರು ಒಂದು ಫೋಟೋದಲ್ಲೂ ಇಲ್ಲ. ಅವರು ಹಗಲು ಶಾಲೆಯವರೇ ಅಲ್ಲ. ನಾನು ಬರೆಯಲು ಒಪ್ಪಿಕೊಂಡದ್ದು ಅವರಿಗಾಗಿ.

ನಾವು ಚೀಲ ಹೆಗಲಿಗೇರಿಸಿ ಮನೆಗೆ ಹೊರಟ ಒಂದು ಗಂಟೆಯೊಳಗೆ ಅದೇ ಬೆಂಚುಗಳ ಮೇಲೆ ರಾತ್ರಿ ಶಾಲೆ ಶುರುವಾಗುತ್ತಿತ್ತು. ಮುಂಬಯಿ ಕನ್ನಡಿಗರಿಗೆ ಇದು ಹೊಸ ಕಥೆಯೇನಲ್ಲ. ಕರಾವಳಿಯಿಂದ ಎಳೆಯ ಪ್ರಾಯದಲ್ಲೇ ಬಂದು ಹೋಟೆಲು ಸೇರಿದ ಹುಡುಗರು ಹಗಲೆಲ್ಲ ಲೋಟ ತೊಳೆದು, ಟೇಬಲು ಒರೆಸಿ, ರಾತ್ರಿ ಎಸ್.ಎಸ್.ಸಿ. ಪರೀಕ್ಷೆಗೆ ಓದುತ್ತಿದ್ದರು. ಅವರಿಗಾಗಿ ಮೊಗವೀರರ, ಬಿಲ್ಲವರ, ಬಂಟರ ಸಂಘಗಳೂ ಬೇರೆ ಕನ್ನಡ ಸಂಘಗಳೂ ಶಾಲೆ ನಡೆಸಿದವು. ನಮ್ಮ ಕಾಲಕ್ಕೆ ಆ ತರಗತಿಗಳು ತೆಳುವಾಗತೊಡಗಿದ್ದವು. ಊರಿನಲ್ಲೇ ಹೈಸ್ಕೂಲು, ಕಾಲೇಜುಗಳಾದ ಮೇಲೆ ಹುಡುಗರು ಹೋಟೆಲಿಗೆ ಬರುವುದೇ ಕಡಿಮೆಯಾಯಿತು. ಅದು ಒಳ್ಳೆಯದೇ. ಆದರೂ ಹತ್ತನೆಯ ತರಗತಿಯಲ್ಲಿ ಮೀಸೆ ಬಂದ ವಿದ್ಯಾರ್ಥಿಗಳು ಇನ್ನೂ ಇದ್ದರು. ನಾವು ಎಲ್ಲರನ್ನೂ ಅಣ್ಣ ಎಂದೇ ಕರೆಯುತ್ತಿದ್ದೆವು.

ಅವರನ್ನು ಕ್ಲಬ್ಬಿಗೆ ಸೇರಿಸಿಕೊಳ್ಳಲು ನಿಯಮವಿರಲಿಲ್ಲ. ಹದಿನೆಂಟು ದಾಟಿದವರಿಗೆ ಇಂಟರ್ಯಾಕ್ಟಿನಲ್ಲಿ ಜಾಗವಿಲ್ಲ. ಕ್ಲಬ್ಬಿನ ಹೊಣೆ ಹೊತ್ತಿದ್ದ ನಮ್ಮ ವಿಜ್ಞಾನದ ಟೀಚರ್ ಹಾಜರಿ ಪುಸ್ತಕದ ಕೊನೆಯ ಪುಟಗಳಲ್ಲಿ ‘ಸಹಾಯಕರು’ ಎಂದು ಬರೆದು ಅವರ ಹೆಸರು ಸೇರಿಸಿದರು. ಆ ಪುಟಗಳನ್ನು ತಪಾಸಣೆಗೆ ಬಂದವರು ಯಾರೂ ತಿರುವಲಿಲ್ಲ. ಟೀಚರಿಗೂ ಅದೇ ಬೇಕಿತ್ತು.

ಪೋಲಿಯೊ ಕೆಲಸ ನಮಗೆ ಬಂದದ್ದು ರೋಟರಿಯ ಮೂಲಕ. ಜಗತ್ತಿನ ಮಕ್ಕಳಿಗೆ ಪೋಲಿಯೊ ಹನಿ ತಲುಪಿಸುವ ಸಂಕಲ್ಪವನ್ನು ಆ ಸಂಸ್ಥೆ 1985ರಲ್ಲೇ ಮಾಡಿತ್ತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ 1995ರ ಡಿಸೆಂಬರಿನಲ್ಲಿ ಶುರುವಾಯಿತು. 1999ರ ಹೊತ್ತಿಗೆ ಒಂದು ವಿಷಯ ಸ್ಪಷ್ಟವಾಗಿತ್ತು: ಬೂತಿನಲ್ಲಿ ಕುಳಿತು ಕಾದರೆ ಸಾಲದು, ಮನೆ ಮನೆಗೆ ಹೋಗಬೇಕು. ಹಾಗಾಗಿ ಭಾನುವಾರ ಬೂತು, ಮುಂದಿನ ದಿನಗಳಲ್ಲಿ ಗಲ್ಲಿ ತಿರುಗಾಟ. ಮಹಾನಗರಪಾಲಿಕೆಯ ಆರೋಗ್ಯ ಸೇವಿಕೆಯರ ಜೊತೆ ನಮ್ಮನ್ನು ಇಬ್ಬಿಬ್ಬರಂತೆ ಕಳಿಸುತ್ತಿದ್ದರು. ಹನಿ ಹಾಕುವುದು ಅವರ ಕೆಲಸ. ಮಂಜುಗಡ್ಡೆಯ ಪಟ್ಟಿಗಳಿದ್ದ ನೀಲಿ ಡಬ್ಬಿ ಹೊರುವುದು, ಮಗುವಿನ ಎಡಗೈಯ ಕಿರುಬೆರಳಿಗೆ ಶಾಯಿ ಹಚ್ಚುವುದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ನಮ್ಮದು. ಮನೆಯ ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ ‘ಪಿ’. ಬಾಗಿಲು ಹಾಕಿದ್ದರೆ, ಮಗು ಊರಿಗೆ ಹೋಗಿದ್ದರೆ, ತಾಯಿ ಬೇಡವೆಂದರೆ ‘ಎಕ್ಸ್’. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗಬೇಕು.

ಸೇವಿಕೆಯೊಬ್ಬರು ಲಸಿಕೆಯ ಸೀಸೆಯನ್ನು ನನ್ನ ಕೈಗಿಟ್ಟು ಅದರ ಮೇಲಿನ ಗುರುತು ತೋರಿಸಿದ್ದರು. ಒಂದು ವೃತ್ತ, ಅದರೊಳಗೆ ಚಿಕ್ಕ ಚೌಕ. ಚೌಕ ಬೆಳ್ಳಗಿದ್ದಷ್ಟು ಕಾಲ ಲಸಿಕೆ ನೆಟ್ಟಗಿದೆ. ಬಿಸಿ ತಾಗಿದಂತೆಲ್ಲ ಚೌಕ ಕಪ್ಪಾಗುತ್ತ ಹೋಗುತ್ತದೆ. ವೃತ್ತದ ಬಣ್ಣಕ್ಕೆ ಬಂದುಬಿಟ್ಟರೆ ಸೀಸೆಯನ್ನು ಬಳಸುವಂತಿಲ್ಲ. ಓದು ಬರಹ ಬಾರದವರೂ ನೋಡಿ ತಿಳಿಯಬಹುದಾದಷ್ಟು ಸರಳ. ಇಷ್ಟು ಜಾಣತನದ ವಸ್ತುವನ್ನು ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ನಾನು ಕಂಡಿರಲಿಲ್ಲ.

ಆಂಟಾಪ್ ಹಿಲ್ ಕಡೆ ಕಟ್ಟಡವೊಂದು ಏಳುತ್ತಿತ್ತು. ಅದರ ಬುಡದಲ್ಲಿ ತಗಡಿನ ಗುಡಿಸಲುಗಳು. ಅಲ್ಲಿನ ಗೋಡೆಗಳ ಮೇಲೆ ಸಾಲಾಗಿ ಎಕ್ಸ್. ಆರೋಗ್ಯ ಸೇವಿಕೆ ಮರಾಠಿಯಲ್ಲಿ ಕರೆದರೆ ಹೆಂಗಸರು ಕಿವುಡರಂತೆ ಕೂರುತ್ತಿದ್ದರು, ಮಕ್ಕಳು ಎಲ್ಲೋ ಮಾಯ. ಅವರು ಗುಲ್ಬರ್ಗಾ, ಬಿಜಾಪುರ ಕಡೆಯ ಗಾರೆ ಕೆಲಸದವರು. ಅದು ನಮಗೆ ಗೊತ್ತಾದದ್ದು ರಾತ್ರಿ ಶಾಲೆಯ ಕುಂದಾಪುರದ ಅಣ್ಣನಿಂದ. ಅವನು ಕಿಂಗ್ಸ್ ಸರ್ಕಲ್ ಬಳಿಯ ಉಡುಪಿ ಹೋಟೆಲೊಂದರಲ್ಲಿ ಸಪ್ಲಾಯರ್. ಆ ಕಟ್ಟಡಕ್ಕೆ ದಿನಾ ಬೆಳಿಗ್ಗೆ ಚಹಾ ಒಯ್ಯುತ್ತಿದ್ದವನೂ ಅವನೇ. ಯಾವ ಗುಡಿಸಲಿನಲ್ಲಿ ಎಷ್ಟು ಮಕ್ಕಳು, ಯಾರ ಗಂಡ ಊರಿಗೆ ಹೋಗಿದ್ದಾನೆ, ಕೆಲಸಗಾರರ ಮೇಲಿನ ಮುಕಾದಮನ ಸಿಟ್ಟು ಎಷ್ಟು ಗಂಟೆಗೆ ಇಳಿಯುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ.

ಭಾನುವಾರವೆಂದರೆ ಹೋಟೆಲಿಗೆ ಹಬ್ಬ. ಬೆಳಗಿನ ಗದ್ದಲ ಮುಗಿಯುವವರೆಗೆ ಮಾಲೀಕರು ಯಾರನ್ನೂ ಬಿಡರು. ಹಾಗಾಗಿ ಅಣ್ಣಂದಿರು ಬರುತ್ತಿದ್ದದ್ದು ಹನ್ನೊಂದರ ಮೇಲೆ, ಊಟದ ಹೊತ್ತಿಗೆ ವಾಪಸು. ಆ ಒಂದೂವರೆ ಗಂಟೆಯಲ್ಲಿ ಆಗುತ್ತಿದ್ದ ಕೆಲಸ ನಮ್ಮ ಇಡೀ ಬೆಳಗಿನಲ್ಲಿ ಆಗುತ್ತಿರಲಿಲ್ಲ. ಕುಂದಾಪುರದ ಅಣ್ಣ ಗೋಣಿಯ ಪರದೆಯ ಹೊರಗೆ ನಿಂತು, ಅಕ್ಕಾ, ಚಹಾದವನು ಬಂದಿದ್ದೇನೆ ಎಂದು ಕನ್ನಡದಲ್ಲಿ ಕೂಗಿದ. ಅವನ ಕನ್ನಡವೇ ಬೇರೆ, ಅವಳ ಕನ್ನಡವೇ ಬೇರೆ. ಆದರೂ ಪರದೆ ಸರಿಯಿತು. ಹೋದ ತಿಂಗಳು ಹಾಕಿದ್ದನ್ನೇ ಮತ್ತೆ ಮತ್ತೆ ಏಕೆ ಹಾಕುತ್ತೀರಿ ಎಂಬುದು ಆ ತಾಯಿಯ ಪ್ರಶ್ನೆ. ಇದರಲ್ಲಿ ಏನೋ ಮೋಸವಿದೆ, ಮುಂದೆ ಮಕ್ಕಳಾಗದಂತೆ ಮಾಡುವ ಮದ್ದು ಇದು ಎಂದು ಯಾರೋ ಹೇಳಿದ್ದರಂತೆ.

ಪ್ರಶ್ನೆ ತಪ್ಪಲ್ಲ. ಜನ ಕಿಕ್ಕಿರಿದ, ಚರಂಡಿ ಸರಿಯಿಲ್ಲದ, ಮಕ್ಕಳಿಗೆ ಸದಾ ಭೇದಿ ಹತ್ತಿಕೊಂಡಿರುವ ಕಡೆ ಬಾಯಿಗೆ ಹಾಕಿದ ಲಸಿಕೆ ಒಂದೆರಡು ಬಾರಿಗೆ ನಾಟುವುದಿಲ್ಲ. ಅದಕ್ಕೇ ಸುತ್ತಿನ ಮೇಲೆ ಸುತ್ತು. ಟೀಚರ್ ಇದನ್ನು ನಮಗೆ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಟ್ಟಿದ್ದರು. ಅಣ್ಣ ಚಿತ್ರ ಬರೆಯಲಿಲ್ಲ. ಒಂದೇ ದಿನ ನೀರು ಹಾಕಿದರೆ ನಿಮ್ಮ ಸಿಮೆಂಟು ಗೋಡೆ ಗಟ್ಟಿಯಾಗುತ್ತದೆಯೇ ಎಂದು ಕೇಳಿದ. ಅವಳಿಗೆ ನಗು ಬಂತು. ಸಿಮೆಂಟು ಚೀಲಗಳ ಹಿಂದಿನಿಂದ ಇಬ್ಬರು ಮಕ್ಕಳು ಹೊರಬಂದರು, ಪಕ್ಕದ ಗುಡಿಸಲಿನಿಂದ ಮೂರನೆಯವನನ್ನು ಅವಳೇ ಎಳೆದುಕೊಂಡು ಬಂದಳು.

ಇನ್ನು ಆ ಎರಡನೆಯ ಕೆಲಸ. 2000ದಲ್ಲಿ ನಮ್ಮ ಭಾಗದ ರೋಟರಿಯವರ ಯುವ ವಿನಿಮಯದಲ್ಲಿ ಬ್ರೆಜಿಲ್‌ನಿಂದ ಹುಡುಗಿಯೊಬ್ಬಳು ಬಂದಳು. ಹದಿನೈದರಿಂದ ಹತ್ತೊಂಬತ್ತರ ಪ್ರಾಯದವರು ಒಂದು ವರ್ಷ ಬೇರೆ ದೇಶದಲ್ಲಿ, ಆತಿಥ್ಯಕ್ಕೆ ಹಣ ಪಡೆಯದ ಕುಟುಂಬಗಳಲ್ಲಿ ಇದ್ದು ಶಾಲೆಗೆ ಹೋಗುವ ವ್ಯವಸ್ಥೆ ಅದು. ಕೇಳಲು ಚೆಂದ. ಆದರೆ ಹೋಗುವವರ ಮನೆಯವರು ವಿಮಾನದ ಟಿಕೆಟಿನ, ವಿಮೆಯ ಖರ್ಚು ಹೊರಬೇಕು. ಬಂದ ಅತಿಥಿಗೆ ಬೇರೆ ಕೋಣೆ ಇಲ್ಲದಿದ್ದರೂ ಅವರದೇ ಆದ ಒಂದು ಮಂಚ ಇರಲೇಬೇಕು. ಒಂದು ಕೋಣೆ, ಒಂದು ಅಡುಗೆಮನೆಯ ಚಾಳಿನಲ್ಲಿ ಬೆಳೆದ ನಮ್ಮಲ್ಲಿ ಯಾರಿಗೆ ತಮ್ಮದೇ ಆದ ಮಂಚವಿತ್ತು? ನಮ್ಮ ಮನೆಯಲ್ಲಿದ್ದ ಒಂದೇ ಮಂಚದ ಮೇಲೆ ಅಜ್ಜಿ, ಅದರ ಕೆಳಗೆ ನಾನು ಮತ್ತು ಅಕ್ಕಿ ಡಬ್ಬ. ನಮ್ಮ ಶಾಲೆಯಿಂದ ಯಾರೂ ವಿನಿಮಯಕ್ಕೆ ಹೋಗಲಿಲ್ಲ. ಮುಂಬಯಿಯಲ್ಲಿ ಚದರಡಿಯ ಬೆಲೆ ಇರುವಷ್ಟು ಕಾಲ ಇಂಥ ಶಾಲೆಗಳಿಂದ ಹೋಗುವುದು ಕಷ್ಟವೇ. ಇದನ್ನು ಕೊರಗಾಗಿ ಹೇಳುತ್ತಿಲ್ಲ, ಲೆಕ್ಕ ಲೆಕ್ಕವಾಗಿಯೇ ಇರಲಿ ಎಂದು.

ಅವಳು ಉಳಿದುಕೊಂಡಿದ್ದು ಫೈವ್ ಗಾರ್ಡನ್ಸ್ ಬಳಿಯ ದೊಡ್ಡ ಮನೆಯಲ್ಲಿ, ಓದುತ್ತಿದ್ದದ್ದು ಇಂಗ್ಲಿಷ್ ಕಾಲೇಜಿನಲ್ಲಿ. ನಮ್ಮ ಕ್ಲಬ್ಬಿಗೆ ಒಂದು ದಿನದ ಭೇಟಿ ಎಂದು ಕರೆತಂದರು. ಸ್ವಾಗತಗೀತೆ ಹಾಡಿದೆವು, ಕೋಲಾಟ ಆಡಿದೆವು, ಮಾಟುಂಗಾ ನಿಲ್ದಾಣದ ಬಳಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟ ಹಾಕಿಸಿದೆವು. ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಭಾನುವಾರ ಪೋಲಿಯೊ ಇದೆ ಎಂದು ಟೀಚರ್ ಮಾತಿಗೆ ಹೇಳಿದ್ದನ್ನು ಕೇಳಿ ತಾನೂ ಬರುತ್ತೇನೆ ಎಂದಳು.

ಆಗ ನಮಗೆ ಗೊತ್ತಾಯಿತು, ಈ ವಿಷಯದಲ್ಲಿ ಅವಳ ದೇಶ ನಮಗಿಂತ ಹಿರಿಯ. ದೇಶಕ್ಕೆ ದೇಶವೇ ಒಂದೇ ದಿನ ಮಕ್ಕಳಿಗೆ ಹನಿ ಹಾಕುವ ಪದ್ಧತಿಯನ್ನು ಬ್ರೆಜಿಲ್ 1980ರಲ್ಲೇ ನಡೆಸಿ ತೋರಿಸಿತ್ತು. ಅಲ್ಲಿನ ಕೊನೆಯ ಪೋಲಿಯೊ ಪ್ರಕರಣ 1989ರದ್ದು. 1994ರಲ್ಲಿ ಎರಡೂ ಅಮೆರಿಕ ಖಂಡಗಳು ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಹನಿಯ ಆಕಾರದ ಬಿಳಿ ಗೊಂಬೆಯೊಂದು ಅಲ್ಲಿನ ಮಕ್ಕಳಿಗೆಲ್ಲ ಪರಿಚಿತ. ಝೆ ಗೊಚೀನ್ಯಾ ಎಂದು ಹೆಸರು. ಚಿಕ್ಕವಳಿದ್ದಾಗ ಆ ವೇಷ ತೊಟ್ಟವರನ್ನು ಕಂಡು ತಾನು ಅತ್ತಿದ್ದಾಗಿ ಹೇಳಿದಳು. ಅವಳ ಊರಿನಲ್ಲಿ ಹಬ್ಬದಂತೆ ಮಕ್ಕಳೇ ಬೂತಿಗೆ ಬರುತ್ತಿದ್ದರಂತೆ. ಇಲ್ಲಿ ಮಕ್ಕಳನ್ನು ಹುಡುಕಿಕೊಂಡು ಹೋಗುತ್ತೀರಲ್ಲ ಎಂಬುದು ಅವಳ ಸೋಜಿಗ.

ಅವಳು ವಿನಿಮಯದವರ ಪದ್ಧತಿಯಂತೆ ಕೋಟು ತೊಟ್ಟು ಬಂದಿದ್ದಳು. ಮುಂಬಯಿಯ ಸೆಕೆಯಲ್ಲಿ ಕೋಟು! ಅದರ ಮೈತುಂಬ ದೇಶದೇಶಗಳ ಬಿಲ್ಲೆ, ಬಾವುಟ, ಪಿನ್ನುಗಳು, ನಡೆದರೆ ಕಿಣಿಕಿಣಿ. ಯಾವ ಪೀಪಿ, ಬಲೂನಿಗೂ ಹೊರಬಾರದ ಮಕ್ಕಳು ಆ ಕೋಟು ನೋಡಲು ಓಡಿ ಬಂದರು. ಸೇವಿಕೆ ಇದೇ ಸಮಯವೆಂದು ಸಾಲಾಗಿ ನಿಲ್ಲಿಸಿ ಹನಿ ಹಾಕಿದರು. ಇಂಗ್ಲಿಷು ನಮಗೂ ಅಷ್ಟಕ್ಕಷ್ಟೇ, ಅವಳಿಗೂ ಅಷ್ಟಕ್ಕಷ್ಟೇ. ಆದರೆ ಹೋಟೆಲಿನ ಅಣ್ಣಂದಿರು ಹತ್ತೂರಿನ ಗಿರಾಕಿಗಳ ಜೊತೆ ಏಗಿದವರು. ಕೈಸನ್ನೆ, ಕಣ್ಸನ್ನೆ, ನಾಲ್ಕು ಭಾಷೆಯ ನಾಲ್ಕು ಪದ ಸೇರಿಸಿ ಅವಳನ್ನು ನಗಿಸಿದರು. ಅವಳ ಮಟ್ಟಿಗೆ ಕ್ಲಬ್ ಎಂದರೆ ಅವರೇ. ಆಮೇಲೆಯೂ ಕೆಲವು ಭಾನುವಾರ ಬಂದಳು, ಕೋಟು ಬಿಟ್ಟು.

ಹೊರಡುವ ಮುಂಚೆ ನಮ್ಮ ಶಾಲೆಯ ಪಿನ್ನು ಬೇಕೆಂದಳು. ನಮ್ಮಲ್ಲಿ ಎಲ್ಲಿಯ ಪಿನ್ನು? ಕುಂದಾಪುರದ ಅಣ್ಣ ಹೋಟೆಲಿನ ಗಲ್ಲಾದ ಮೇಲಿದ್ದ ಹಿತ್ತಾಳೆ ಟೋಕನ್ನುಗಳಲ್ಲಿ ಒಂದನ್ನು ಕೇಳಿಕೊಂಡು ಬಂದ. ಒಂದು ನಂಬರು ಕಡಿಮೆಯಾದರೆ ಪಾರ್ಸೆಲ್ ಲೆಕ್ಕ ತಪ್ಪುತ್ತದೆಂದು ಮಾಲೀಕರು ಗೊಣಗಿದರಂತೆ, ಆಮೇಲೆ ತಾವೇ ತೂತು ಕೊರೆಸಿ ಕೊಟ್ಟರಂತೆ. ಕೋಟಿನ ಎಡ ಎದೆಯ ಮೇಲೆ, ಜರ್ಮನಿಯ ಬಾವುಟದ ಕೆಳಗೆ, ಕಿಂಗ್ಸ್ ಸರ್ಕಲಿನ ಆ ಟೋಕನ್ನು ಬ್ರೆಜಿಲ್‌ಗೆ ಹೋಯಿತು. ಆ ವರ್ಷ ವರದಿಯ ಎರಡನೆಯ ಅಂಕಣ ತುಂಬಲು ನಮಗೆ ತಡವರಿಕೆಯಾಗಲಿಲ್ಲ.

ಮುಂದೆ ಓದಿ ತಿಳಿದದ್ದು ಒಂದಿಷ್ಟು. 2001ರಿಂದ ಮುಂಬಯಿಯ ಕೊಳಚೆನೀರಿನ ಮಾದರಿ ತೆಗೆದು ಪರೇಲದ ಎಂಟೆರೊವೈರಸ್ ಸಂಶೋಧನಾ ಕೇಂದ್ರದಲ್ಲಿ ಪೋಲಿಯೊ ವೈರಾಣು ಹುಡುಕುತ್ತಿದ್ದರು. ದೇಶದಲ್ಲಿ ಈ ಬಗೆಯ ನಿಗಾ ಮೊದಲು ಶುರುವಾದದ್ದು ನಮ್ಮ ನಗರದಲ್ಲಿ. ಉತ್ತರದ ರಾಜ್ಯಗಳಿಂದ ರೈಲು ರೈಲಾಗಿ ಜನ ಬರುವ ಊರು; ಒಂದೂ ಮಗುವಿಗೆ ಕಾಯಿಲೆ ಕಾಣದಿದ್ದರೂ ವೈರಾಣು ಚರಂಡಿಯಲ್ಲಿ ಸಿಗುತ್ತಿತ್ತು. ಕೊನೆಯ ಬಾರಿ ಸಿಕ್ಕಿದ್ದು 2010ರ ನವೆಂಬರಿನಲ್ಲಿ. ಎರಡು ತಿಂಗಳಿಗೆ, 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ ದೇಶದ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂದಾಗ ನಾನು ಕಚೇರಿಯಲ್ಲಿದ್ದೆ. ಅಣ್ಣನಿಗೆ ಫೋನು ಮಾಡಿದೆ. ಗಿರಾಕಿಗಳಿದ್ದಾರೆ, ಆಮೇಲೆ ಮಾತಾಡುತ್ತೇನೆ ಎಂದು ಇಟ್ಟುಬಿಟ್ಟ.

ಅವನು ಎಸ್.ಎಸ್.ಸಿ. ಎರಡನೆಯ ಸಲಕ್ಕೆ ಪಾಸಾದ. ಈಗ ವಾಶಿಯಲ್ಲಿ ಪಾಲುದಾರಿಕೆಯ ಹೋಟೆಲು ಇದೆ. ಪೋಲಿಯೊ ಹೋದರೂ ಹನಿ ಹಾಕುವ ಸುತ್ತು ನಿಂತಿಲ್ಲವಷ್ಟೇ. ಬೂತು ಅವನ ಹೋಟೆಲಿನ ಮೆಟ್ಟಿಲ ಪಕ್ಕದಲ್ಲೇ. ಬೆಳಿಗ್ಗೆ ಎಂಟಕ್ಕೆ ಮೇಜು ಹಾಕಬೇಡಿ, ಅದು ನನ್ನ ಇಡ್ಲಿಯ ಹೊತ್ತು ಎಂದು ಪ್ರತಿ ಸಲವೂ ಬೂತಿನವರೊಂದಿಗೆ ಜಗಳ, ಪ್ರತಿ ಸಲವೂ ತಾನೇ ಮೇಜು ಕೊಡುತ್ತಾನೆ. ಹೋದ ತಿಂಗಳು ಫೋನು ಮಾಡಿ, ಮುಂದಿನ ಸುತ್ತಿಗೆ ನಮ್ಮ ಶಾಲೆಯಿಂದ ಇಬ್ಬರು ಮೂವರು ಮಕ್ಕಳು ಸಿಗುವರೇ ಎಂದು ಕೇಳಿದ. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿದೆಯಂತೆ, ಯಾದಗಿರಿ ಕಡೆಯ ಕೆಲಸಗಾರರಂತೆ. ಮುಖ್ಯೋಪಾಧ್ಯಾಯಿನಿಯವರನ್ನು ಕೇಳು ಎಂದಿದ್ದೇನೆ. ವಡಾಲದಿಂದ ಹಾರ್ಬರ್ ಲೈನಿನಲ್ಲಿ ನೇರ ಗಾಡಿ, ಇಳಿಯುವಲ್ಲಿಗೆ ಕರೆದೊಯ್ಯಲು ಅವನೇ ಬರುತ್ತಾನೆ. ತಿಂಡಿಯೂ ಅವನದೇ, ಆದರೆ ಬೆಳಗಿನ ಗದ್ದಲ ಮುಗಿದ ಮೇಲೆ.