ಹಣೆ ಮೇಲಿನ ಎರಡು ಸ್ಟಿಕ್ಕರ್

ನಾನಿನ್ನೂ ಅನಸ್ತೇಷಿಯಾ ಕಲಿಯುತ್ತಿದ್ದ ಕಾಲ. ಅವತ್ತು ಬೈಪಾಸ್ ಕೇಸು. ನಿದ್ದೆ ಬರಿಸುವ ಮುಂಚೆಯೇ ರೋಗಿಯ ಹಣೆಯ ಎಡಕ್ಕೊಂದು, ಬಲಕ್ಕೊಂದು ಸ್ಟಿಕ್ಕರ್ ಅಂಟಿಸಿದೆ. "ಆಪರೇಷನ್ ಎದೆಗೆ ತಾನೇ ಮೇಡಂ?" ಅಂದರು ಅವರು. ಮಿದುಳಿಗೆ ಆಕ್ಸಿಜನ್ ಸರಿಯಾಗಿ ಸಿಗ್ತಿದೆಯಾ ನೋಡೋಕೆ ಅಂದೆ.

ಬೆರಳಿಗೆ ಸಿಕ್ಕಿಸುವ ಕ್ಲಿಪ್ ಸಾಲದಾ ಅಂತ ಕೇಳಬಹುದು. ಅದಕ್ಕೆ ನಾಡಿ ಬೇಕು. ಹಾರ್ಟ್-ಲಂಗ್ ಮಷಿನ್ ಹಚ್ಚಿ ಹೃದಯ ನಿಲ್ಲಿಸಿದ ಮೇಲೆ ರಕ್ತ ಒಂದೇ ಸಮ ಹರಿಯುತ್ತಿರುತ್ತದೆ, ನಾಡಿ ಎಲ್ಲಿಂದ ಬರಬೇಕು? ಈ ಸ್ಟಿಕ್ಕರ್‌ಗೆ ನಾಡಿಯ ಹಂಗಿಲ್ಲ. ಇನ್‌ಫ್ರಾರೆಡ್ ಬೆಳಕನ್ನು ತಲೆಬುರುಡೆ ದಾಟಿಸಿ, ವಾಪಸ್ ಬಂದದ್ದನ್ನು ಅಳೆಯುತ್ತದೆ. ಆಕ್ಸಿಜನ್ ಇರುವ ರಕ್ತ, ಇಲ್ಲದ ರಕ್ತ ಬೆಳಕು ಹೀರುವ ರೀತಿ ಬೇರೆ ಬೇರೆ, ಅಷ್ಟೇ ಗುಟ್ಟು. ಅಲ್ಲಿ ಹೆಚ್ಚಿನದು ಮಿದುಳು ಬಳಸಿ ಬಿಟ್ಟ ರಕ್ತವೇ, ಹಾಗಾಗಿ ಬೆರಳಿನ ಕ್ಲಿಪ್‌ನಂತೆ ಶೇಕಡಾ 98 ಕಾಣಲ್ಲ. ಸಾಮಾನ್ಯವಾಗಿ 60ರಿಂದ 80.

ನಮ್ಮ ರೋಗಿಗೆ ಮೊದಲು ಎರಡೂ ಕಡೆ 68 ಇತ್ತು. ಪಂಪ್, ಅಂದರೆ ಆ ಹಾರ್ಟ್-ಲಂಗ್ ಮಷಿನ್, ಶುರುವಾಗಿ ಅರ್ಧ ಗಂಟೆ ಆಗಿತ್ತೇನೋ, ಎಡಗಡೆ ಇಳಿಯತೊಡಗಿತು. 60. 55. 49ಕ್ಕೆ ಅಲಾರಂ. ಮೊದಲಿದ್ದದ್ದಕ್ಕಿಂತ ಶೇಕಡಾ 20ರಷ್ಟು ಇಳಿದರೆ ಸುಮ್ನೆ ಕೂರುವ ಹಾಗಿಲ್ಲ, ಇದು ಅದನ್ನೂ ದಾಟಿತ್ತು.

ನನ್ನ ಕೈ ತಣ್ಣಗಾಯಿತು. ಪಂಪ್ ನೋಡಿಕೊಳ್ಳುವ ಪರ್ಫ್ಯೂಷನಿಸ್ಟ್‌ಗೆ "ಫ್ಲೋ ಜಾಸ್ತಿ ಮಾಡಿ ಸರ್" ಅಂದೆ. ಮಾಡಿದರು. ಬಿಪಿ ಏರಿಸಿದೆ. ಕಾರ್ಬನ್ ಡೈಆಕ್ಸೈಡ್ ತೀರಾ ಕಮ್ಮಿಯಾದರೆ ಮಿದುಳಿನ ರಕ್ತನಾಳ ಕುಗ್ಗುತ್ತದಲ್ವಾ, ಅದನ್ನೂ ನೋಡಿದೆ, ಹಿಮೋಗ್ಲೋಬಿನ್ನೂ ನೋಡಿದೆ, ಎಲ್ಲಾ ಸರಿಯಾಗೇ ಇದೆ, 49 ಮಾತ್ರ ಅಲ್ಲಾಡಲ್ಲ.

ಅಷ್ಟರಲ್ಲಿ ಸೀನಿಯರ್ ಬಂದರು.

"ಬಲಗಡೆ ಎಷ್ಟಿದೆ?"

"66 ಸರ್."

"ಹಂಗಾದ್ರೆ ಪಂಪನ್ನ ಯಾಕಮ್ಮಾ ಗೋಳಾಡಿಸ್ತೀಯಾ? ಅದರ ತಪ್ಪಾಗಿದ್ರೆ ಎರಡೂ ಕಡೆ ಇಳೀತಿತ್ತು."

ಹಸಿರು ಬಟ್ಟೆಯ ಕೆಳಗೆ ಕೈ ಹಾಕಿದರು. ತಲೆ ಪೂರ್ತಿ ಎಡಕ್ಕೆ ವಾಲಿತ್ತು. ಕತ್ತು ತಿರುಚಿದರೆ ರಕ್ತನಾಳ ಒತ್ತಿಕೊಳ್ಳುತ್ತದೆ. ತಿರುಗಿಸಿದ್ದು ಬೇರೆ ಯಾರೂ ಅಲ್ಲ, ನಾನೇ! ಸ್ವಲ್ಪ ಹೊತ್ತಿನ ಮುಂಚೆ ಹೃದಯದ ಸ್ಕ್ಯಾನ್‌ಗೆಂದು ಬಾಯಲ್ಲಿ ಇಳಿಸಿದ್ದ ಎಕೋ ಪ್ರೋಬ್ ಸರಿಮಾಡುವಾಗ ವಾಲಿಸಿ, ಹಾಗೇ ಬಿಟ್ಟಿದ್ದೆ. ಬಟ್ಟೆ ಮುಚ್ಚಿದ ಮೇಲೆ ಅಲ್ಲೊಂದು ಮುಖ ಇದೆ ಅನ್ನೋದೇ ಮರೆತುಹೋಗುತ್ತದೆ. ತಲೆ ನೇರ ಮಾಡಿದರು. 52. 58. ನಾಲ್ಕೈದು ನಿಮಿಷಕ್ಕೆ 65.

ಮರುದಿನ ಐಸಿಯುಗೆ ಹೋದೆ. ರೋಗಿ ಎಚ್ಚರವಾಗಿದ್ದರು, ಹಣೆ ಮೇಲೆ ಸ್ಟಿಕ್ಕರಿನ ಕೆಂಪು ಗುರುತು ಇನ್ನೂ ಇತ್ತು. "ಹೇಗಿತ್ತು ಮೇಡಂ ನನ್ನ ಮಿದುಳು?" ಅಂತ ಮೆಲ್ಲಗೆ ಕೇಳಿದರು. ಚೆನ್ನಾಗಿತ್ತು ಅಂದೆ. ಕತ್ತು ನೋಯ್ತಿದೆಯಾ ಅಂತಲೂ ಕೇಳಿದೆ. ಯಾಕೆ ಅಂತ ಅವರು ಕೇಳಲಿಲ್ಲ, ಸದ್ಯ.