ಜಗ್ಗಲಿಗಿ ಮೇಳದ ಬೆನ್ನಿಗೆ ನಮ್ಮ ಕ್ವಾಯರ್

ಗದಗಿನ ಜಾನಪದ ಉತ್ಸವದಾಗ ನಮ್ಮ ಚರ್ಚಿನ ಕ್ವಾಯರ್ (ಕೂಡಿ ಹಾಡೋ ತಂಡ) ಹಾಡಾಕ ಹೋಗಿತ್ತು, ಇಪ್ಪತ್ತೆರಡು ಮಂದಿಗೆ ಎರಡು ಮೈಕ್ ಕೊಟ್ಟಿದ್ರು. ಒಂದು ಕೀಬೋರ್ಡ್ ಮುಂದ, ಇನ್ನೊಂದು ಬಂದು ನಿಂತಿದ್ದು ಆಲ್ಟೋ ಹಾಡೋ ನಾವು ನಾಕು ಹೆಣ್ಮಕ್ಕಳ ಬಾಯಿ ಮುಂದ. ಕ್ವಾಯರ್‌ನಾಗ ಹಾಡಿದವ್ರಿಗೆ ಇಷ್ಟು ಹೇಳಿದ್ರ ಸಾಕು, ಮುಂದಿಂದು ತಾವ ತಿಳ್ಕೋತಾರ. ಉಳಿದವ್ರಿಗೆ ಹೇಳ್ತೀನಿ ಕೇಳ್ರಿ, ಹಾಡಿನ ಧಾಟಿ ಇರೋದು ಎತ್ತರದ ದನಿಯ ಸೊಪ್ರಾನೋ ಹೆಣ್ಮಕ್ಕಳ ಕಡೆ, ಆಲ್ಟೋ ಅಂದ್ರ ಅದರ ಕೆಳಗ ಆಸರ ಕೊಡೋ ದನಿ, ಎರಡು ಮೂರು ಸ್ವರದಾಗ ಅಲ್ಲೇ ಸುತ್ತಾಡ್ತಿರತೈತಿ, ಅದೊಂದನ್ನ ಬಿಡಿಸಿ ಕೇಳಿದ್ರ ಯಾರೋ ಹಾಡು ಮರತು ಗುಣುಗುಣು ಅಂದಂಗ ಆಗತೈತಿ. ಅವತ್ತು ಮೈದಾನದಾಗ ಕುಂತ ಮಂದಿಗೆ ಕೇಳಿದ್ದು ಬರೇ ಅದು.

ಗದಗಿನಾಗ ಜಾನಪದ ಉತ್ಸವ ಅಂದಾಗ ಚರ್ಚಿನವ್ರನ್ನ ಯಾಕ ಕರದ್ರು ಅಂತ ನಮ್ಮೊಳಗ ಭಾಳ ಮಾತಾಯ್ತು. ನಮ್ಮ ಬಾಸ್‌ನಾಗ (ಗಂಡಸರ ಎಲ್ಲಾಕ್ಕಿಂತ ಕೆಳಗಿನ ದನಿ) ಹಾಡೋ ಕಾಕಾ ಒಬ್ರು ‘ಡೊಳ್ಳಿನವ್ರ ನಡುವ ನಾವೇನು ಟೈ ಕಟ್ಕೊಂಡು ನಿಂದ್ರಬೇಕೇನು’ ಅಂತ ಕೇಳಿದ್ರು, ಖರೇನ ಕೇಳಿದ್ರು. ಆದ್ರ ಸ್ವಿಟ್ಜರ್ಲೆಂಡಿನ ಬೇಸಲ್ ಮಿಶನ್ನಿನ ಪಾದ್ರಿಗಳು ಧಾರವಾಡಕ್ಕ 1837ರಾಗ, ಹುಬ್ಬಳ್ಳಿಗೆ 1839ರಾಗ, ನಮ್ಮ ಬೆಟಗೇರಿಗೆ 1841ರಾಗ ಬಂದವ್ರು, ಅವತ್ತಿಂದ ಈ ಊರಾಗ ಹಾಡ್ಕೋತನ ಬಂದೀವಿ, ಇಷ್ಟು ದಿನದ ಮ್ಯಾಲೂ ಊರ ಹಾಡಿನ್ಯಾಗ ನಮ್ಮ ಲೆಕ್ಕ ಇಲ್ಲ ಅಂದ್ರ ಹೆಂಗ ಅನ್ನೋದು ನನ್ನ ವಾದ ಇತ್ತು. ವಾದ ಗೆದ್ದೆ, ಸ್ಟೇಜ್ ಮ್ಯಾಲೆ ಸೋತೆ.

ನಮಗಿಂತ ಮುಂಚೆ ಜಗ್ಗಲಿಗಿ ಮೇಳ. ಚಕ್ಕಡಿ ಗಾಲಿ ಅಳತಿ ವಾದ್ಯ, ಬಳಿಗೆ ಎಮ್ಮಿ ಚರ್ಮ ಬಿಗದಿರ್ತಾರ, ಅದನ್ನ ನೆಲಕ್ಕ ಉಳ್ಳಿಸ್ಕೋತ ಬಡೀತಾರ. ಹುಬ್ಬಳ್ಳಿ ಕಡೆ ಹೋಳಿ ಹುಣ್ಣಿಮಿಗೆ ನೋಡಿದವ್ರಿಗೆ ಗೊತ್ತು, ಕಿವಿಗಿಂತ ಮೊದಲ ಹೊಟ್ಟಿಗೆ ಬಡೀತೈತಿ ಆ ಸಪ್ಪಳ. ಅವ್ರು ಇಳಿದ ಮ್ಯಾಲೂ ಇನ್ನೂ ಎದಿ ನಡಗಾಕತ್ತಿತ್ತು, ಅಷ್ಟರಾಗ ನಾವು ಹತ್ತಿ ಮೆತ್ತಗ, ನಾಕು ದನಿಯಾಗ, ಜರ್ಮನ್ ಧಾಟಿ ಒಂದು ಗೀತೆ ಶುರು ಮಾಡಿದ್ವಿ. ಚರ್ಚಿನಾಗ ಎತ್ತರದ ಮಾಳಗಿ ಐತಿ, ಕಲ್ಲಿನ ಗ್ವಾಡಿ ಐತಿ, ಹಾಡಿದ ದನಿ ತಿರುಗಿ ಬಂದು ನಮ್ಮ ಕಿವಿಗೇ ಬೀಳತೈತಿ, ಆಮ್ಯಾಲೆ ನಾಕೂ ದನಿ ಒಂದಾಗ್ತಾವು. ಮೈದಾನದಾಗ ಹೋದ ದನಿ ಹೋಗೇ ಹೋತು. ಟೆನರ್‌ನವ್ರು (ಗಂಡಸರ ಎತ್ತರದ ದನಿಯವ್ರು) ಎಲ್ಲಿದಾರಂತ ನಮಗ ಗೊತ್ತಾಗಲಿಲ್ಲ, ಅವ್ರಿಗೆ ನಾವು ಕೇಳಲಿಲ್ಲ, ಮುಂದ ಕುಂತ ಹುಡುಗರು ಮಿರ್ಚಿ ತಿನ್ಕೋತ ನಮ್ಮ ಮಾಸ್ತರ ಕೈ ಆಡಿಸೋದನ್ನ ನೋಡಿ ನಗಾಕತ್ತಿದ್ರು. ಚಪ್ಪಾಳಿ ಬಂದ್ವು, ಇಲ್ಲ ಅನ್ನಂಗಿಲ್ಲ, ಮುಗೀತಲ್ಲಪಾ ಅನ್ನೋ ಚಪ್ಪಾಳಿ.

ಸ್ಟೇಜ್ ಹಿಂದ ಶಿಗ್ಗಾಂವಿ ಕಡೆಯ ಭಜನಾ ಮೇಳದವ್ರು ಚಹಾ ಕುಡ್ಕೋತ ಕುಂತಿದ್ರು, ಶಿಶುನಾಳ ಶರೀಫಜ್ಜನ ಪದ ಹೇಳೋ ಮಂದಿ. ಅವ್ರೊಳಗಿನ ಏಕತಾರಿ ಅಜ್ಜ ನನ್ನ ನೋಡಿ ‘ತಂಗಿ, ಎಲ್ಲಾರೂ ಚಲೋ ಹಾಡ್ತೀರಿ, ಆದ್ರ ಹಾಡು ಯಾರ ಕಡೆ ಐತಿ ಅನ್ನೋದ ತಿಳೀಲಿಲ್ಲ’ ಅಂದ. ಬೈದಿದ್ರ ಇಷ್ಟು ನಟ್ಟತಿದ್ದಿಲ್ಲ. ಆಮ್ಯಾಲೆ ಅವ್ನ ಹೇಳಿದ, ಬಯಲಾಗ ಮೊದಲು ಒಬ್ಬರು ಎತ್ತಬೇಕು, ಉಳಿದವ್ರು ಹಿಂದ ಹಿಡೀಬೇಕು. ಗೀಗೀ ಪದದವ್ರೂ ಅಷ್ಟ, ಸೋಬಾನದ ಹೆಣ್ಮಕ್ಕಳೂ ಅಷ್ಟ. ಮುಂದಿನವ್ರು ಉಸಿರು ತಗೊಳ್ಳೋ ಹೊತ್ತಿಗೆ ಹಿಮ್ಮೇಳ ತುಂಬಿರತೈತಿ.

ಕಡೀಕ ಎಲ್ಲಾ ತಂಡದವ್ರದೂ ಇನ್ನೊಂದೊಂದು ಹಾಡಿತ್ತು. ನಮ್ಮದು ಇಂಗ್ಲಿಷ್ ಕ್ಯಾರಲ್ ಅಂತ ಬರಸಿದ್ವಿ, ಅದನ್ನ ಬಿಟ್ಟು ನಮ್ಮಜ್ಜಿ ಜ್ವಾಳ ಬೀಸುವಾಗ ಹೇಳ್ತಿದ್ದ ಯೇಸು ಹುಟ್ಟಿದ ಪದ ಹಾಡೂಣು ಅಂದೆ. ಪ್ರಾಕ್ಟೀಸ್ ಇಲ್ಲ, ಪುಸ್ತಕದಾಗ ಇಲ್ಲ, ಆದ್ರ ಬೆಟಗೇರಿ ಕಡೆಯ ಏಳೆಂಟು ಮಂದಿಗೆ ಗೊತ್ತಿತ್ತು. ತ್ರಿಪದಿ ಧಾಟಿ ಅದು. ಬರಿಯೋವಾಗ ಮೂರು ಸಾಲು, ಹಾಡೋವಾಗ ಎರಡನೇ ಸಾಲು ಅರ್ಧ ಮರಳಿ ಬರತೈತಿ, ಅಲ್ಲೇ ಹಿಂದಿನವ್ರಿಗೆ ಜಾಗ.

ಇಲ್ಲಿ ಒಂದು ಮಾತು. ನಮ್ಮ ಹಳೇ ಗೀತೆಗಳೊಳಗ ಧಾಟಿ ಪರದೇಶದ್ದು, ಮಾತು ಕನ್ನಡದ್ದು, ಹಿಂಗಾಗಿ ಹ್ರಸ್ವ ಇರೋ ಕಡೆ ರಾಗ ಜಗ್ಗತೈತಿ, ‘ಮನಸು’ ಹೋಗಿ ‘ಮಾನಾಸು’ ಆಗತೈತಿ, ಸಣ್ಣಾಗಿದ್ದಾಗಿಂದ ಹಾಡಿ ಹಾಡಿ ನಮಗದು ತಪ್ಪು ಅಂತನೂ ಅನಸಂಗಿಲ್ಲ. 1894ರ ದೊಡ್ಡ ಡಿಕ್ಷನರಿ ಮಾಡಿದ ಕಿಟೆಲ್ ಸಾಹೇಬ್ರು ಅದಕ್ಕೂ ಮುಂಚೆ, 1862ರಾಗ, ಕಥಾಮಾಲೆ ಅಂತ ಕ್ರಿಸ್ತನ ಕಥಿನ ಕನ್ನಡ ಛಂದಸ್ಸಿನ್ಯಾಗ ಕಟ್ಟಿದ್ರು. ಜರ್ಮನಿಯಿಂದ ಬಂದವ್ರಿಗೆ ಹೊಳದದ್ದು ನಮಗ ಹೊಳೀಲಿಕ್ಕೆ ಜಗ್ಗಲಿಗಿ ಏಟು ಬೀಳಬೇಕಾತು.

ಕೀಬೋರ್ಡ್ ಬಿಟ್ವಿ. ನಾ ಎತ್ತಿದೆ (ಸೊಪ್ರಾನೋದವ್ರು ಇನ್ನೂ ಮುಖ ಸಿಂಡರಿಸ್ಕೊಂಡಾರ), ಹಿಂದ ಎಲ್ಲಾರೂ ಹಿಡದ್ರು. ಟೆನರ್ ಹುಡುಗರು ಚಟಾ ಬಿಡಲಾರದ ಮರಳೋ ಸಾಲಿಗೆ ಮ್ಯಾಲೊಂದು ದನಿ ಸೇರಿಸಿದ್ರು, ಅದು ಭಾರಿ ಚಂದ ಕೂತ್ಕೊಂತು. ಓಣಿ ಹೆಣ್ಮಕ್ಕಳ ಭಜನಾ ಸಂಘದವ್ರು ಕೆಳಗ ನಿಂತ ತಾಳ ಹಾಕಿದ್ರು, ಶಿಗ್ಗಾಂವಿಯವ್ರ ದಮ್ಮಡಿ (ಕೈಯಾಗ ಹಿಡದು ಬಡಿಯೋ ಸಣ್ಣ ಚರ್ಮವಾದ್ಯ) ಬಂತು. ದಮ್ಮಡಿಯಂವ ಲಯ ಏರಿಸ್ಕೋತ ಹೋದ ನೋಡ್ರಿ, ಬೀಸೋಕಲ್ಲಿನ ಪದ ಹೋಗಿ ಗಿರಣಿ ಪದ ಆತು, ಕಡೀ ನುಡಿಗೆ ನನಗ ಉಸಿರ ಸಾಲಲಿಲ್ಲ, ಹಿಂದಿನವ್ರೇ ಮುಗಿಸಿದ್ರು. ಮಾಸ್ತರು ಏನೂ ಅನ್ನಲಿಲ್ಲ. ಪೂರಾ ಹಾಡಿಗೆ ಕೈ ಕಟ್ಕೊಂಡು ನಿಂತಿದ್ರು.

ಈಗ ಏಕತಾರಿ ಅಜ್ಜನ ಜೋಡಿ ಒಂದು ಹಾಡು ಕಟ್ಟೂದಂತ ನಡದೈತಿ. ನಮ್ಮ ಕೀಬೋರ್ಡ್ ಹುಡುಗ ಫೋನ್ ಮಾಡಿ ‘ಅಜ್ಜಾರ, ನಿಮ್ಮ ಏಕತಾರಿ ಯಾವ ಶ್ರುತಿಗೆ ಐತ್ರಿ’ ಅಂತ ಕೇಳಿದ. ‘ನನ್ನ ದನಿಗೆ ಐತಪಾ’ ಅಂದನಂತ. ಹುಡುಗ ಅಲ್ಲೇ ಫೋನ್‌ನಾಗ ಮೀಟಿಸಿ ಆ್ಯಪ್ ಹಚ್ಚಿ ನೋಡಿದ್ರ ಸಿ ಶಾರ್ಪೂ ಅಲ್ಲ, ಡೀನೂ ಅಲ್ಲ, ನಡಕ ಎಲ್ಲೋ ಐತಿ. ನಿನ್ನಿಯಿಂದ ಕೀಬೋರ್ಡಿನ ಪುಸ್ತಕ ತಗದು, ಅರ್ಧಕ್ಕಿಂತ ಕಮ್ಮಿ ಸ್ವರ ಸರಸೋ ಬಟನ್ ಹುಡುಕಾಕತ್ತಾನ.